ಗೊಂಬೆಯ ಹತ್ತಿ

ಟೈಲರಮ್ಮನ ಬಳಿ ತನ್ನದೇ ಅಳತೆಗೆ ಹತ್ತಿ ತುಂಬಿದ, ಬಟ್ಟೆ ತೊಡಿಸಿ ನೋಡುವ ಗೊಂಬೆಯೊಂದಿತ್ತು. ಹೊಟ್ಟೆ ಕಿರಿದು ಮಾಡುವ ಆಪರೇಷನ್ನಾದ ಮೇಲೆ, ತನ್ನ ತೂಕ ಇಳಿದಷ್ಟೂ ಅದರಿಂದ ಹತ್ತಿ ಕೀಳುತ್ತಿದ್ದಳು. ಯೂನಿಫಾರಂ ಹೊಲಿಗೆಯ ಗಡಿಬಿಡಿಯಲ್ಲಿ ಆ ಕೆಲಸ ನಿಂತಿತು. ತೂಕವೂ ತೊಂಬತ್ತೆರಡರಲ್ಲಿ ಜಪ್ಪಯ್ಯ ಎಂದರೂ ಕದಲದೆ ಕೂತಿತು.

"ಕೆಲವು ವಾರ ಹೀಗೆ ನಿಲ್ಲೋದು ಸಹಜ, ಕಾಯಿರಿ," ಎಂದರು ಡಾಕ್ಟರು.

ಕಾಯುವುದು ಅವಳ ಜಾಯಮಾನವಲ್ಲ. ಆರನೇ ವಾರ ಸಿಟ್ಟಿಗೆದ್ದು ಗೊಂಬೆಯಿಂದ ಒಂದು ಹಿಡಿ ಹತ್ತಿ ಕಿತ್ತಳು. ಮರುದಿನ ಒಂದು ಕಿಲೋ ಕಡಿಮೆ. ಮತ್ತೊಂದು ಹಿಡಿ, ಮತ್ತೊಂದು ಕಿಲೋ. ಹೆದರಿ ಗೊಂಬೆಯನ್ನು ಮೂಲೆಗೆ ತಳ್ಳಿದಳು.

ಸಂಜೆ ತಂಗಿ ದಪ್ಪ ದಿಂಬೊಂದನ್ನು ತಬ್ಬಿಕೊಂಡು ಬಂದಳು.

"ಅಕ್ಕಾ, ಆ ಗೊಂಬೆ ಸುಮ್ನೆ ಮೂಲೇಲಿ ಬಿದ್ದಿತ್ತಲ್ಲ, ಹತ್ತಿಯೆಲ್ಲ ತೆಗೆದು ಇದಕ್ಕೆ ತುಂಬಿದೆ ನೋಡು."

ಟೈಲರಮ್ಮ ಕೈ ಚಾಚುವಷ್ಟರಲ್ಲಿ ಬಳೆಗಳು ಒಂದೊಂದಾಗಿ ಜಾರಿ ನೆಲದ ಮೇಲೆ ಉರುಳತೊಡಗಿದವು.