ಟೊಮೆಟೊ ಸಾಲಿನ ಅಜ್ಜಿ

ಬುರುಲ್ ಮತ್ತು ಕಾಕೆನ್ ಅಕ್ಕಪಕ್ಕದ ಮನೆಯವರು. ನಡುವಿನ ಮಣ್ಣುಗೋಡೆಯ ಮೇಲಿಂದ ದಿನಕ್ಕೆ ಹತ್ತು ಸಲ ಮಾತಾಡುವವರು. ಆದರೆ ಜಲಾಲಾಬಾದಿನ ಸಂತೆಯೊಳಗೆ ಕಾಲಿಟ್ಟರೆ ಒಬ್ಬರ ಮುಖ ಒಬ್ಬರು ಕಂಡೇ ಇಲ್ಲವೆನ್ನುವಂತೆ ಇರುತ್ತಿದ್ದರು. ಈ ಉಪಾಯ ಬುರುಲಳದು. ಮೊದಲು ಕಾಕೆನ್ ಹೋಗಿ ಮಾಲನ್ನು ಹಳಿದು, ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೇಳಿ, ಮೂಗು ಮುರಿದು ಹೊರಡುವಳು. ವ್ಯಾಪಾರಿಯ ಮುಖ ಇನ್ನೂ ಬಾಡಿರುವಾಗಲೇ ಬುರುಲ್ ನಗುನಗುತ್ತಾ ಬಂದು ನಾಲ್ಕು ಸೋಮ್ ಹೆಚ್ಚಿಗೆ ಹೇಳುವಳು. ಅವನು ಅವಳನ್ನು ಹರಸಿ ತೂಗಿಕೊಡುತ್ತಿದ್ದ.

ಚಳಿಗಾಲಕ್ಕೆಂದು ಟೊಮೆಟೊ ಬೇಯಿಸಿ ಜಾಡಿ ತುಂಬಿಸುವ ಹೊತ್ತು ಬಂತು. ತೊಕ್ತೊಸುನ್ ಎಂಬ ವ್ಯಾಪಾರಿ ಟೊಮೆಟೊಗೆ ಕಿಲೋಗೆ ಮೂವತ್ತು ಸೋಮ್ ಹೇಳಿದ. ಕಾಕೆನ್ ಹನ್ನೆರಡಕ್ಕೆ ಕೇಳಿ ಬೈದು ಹೋದಳು. ಬುರುಲ್ ಬಂದು ಹದಿನಾರು ಅಂದಳು. ಅವನು ತಕ್ಕಡಿಗೆ ಕೈ ಹಾಕುವಷ್ಟರಲ್ಲಿ ಬಿಳಿ ತಲೆವಸ್ತ್ರದ ಮುದುಕಿಯೊಬ್ಬಳು ನಡುವೆ ನುಗ್ಗಿದಳು.

"ಇಪ್ಪತ್ತೈದು ಕೊಡ್ತೀನಪ್ಪಾ. ಇಡೀ ರಾಶಿ ನನಗೇ ತೂಗು."

"ಅಜ್ಜೀ, ಮೊದ್ಲು ಬಂದವಳು ನಾನು!"

"ಬಂದ್ರೇನಾಯ್ತು ತಾಯಿ, ನೀನಿನ್ನೂ ಕೊಂಡಿಲ್ವಲ್ಲ."

ಬುರುಲಳಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆಂಟು ಅಂದಳು. ಮುದುಕಿ ಮೂವತ್ತು ಅಂದಳು. ಆಗ ಕ್ಯಾರೆಟ್ ಸಾಲಿನಿಂದ ಕಾಕೆನ್ ಎಲ್ಲ ಮರೆತು ಓಡಿಬಂದಳು.

"ಬುರುಲ್ ಅಕ್ಕಾ, ಬಿಡಬೇಡ! ಮೂವತ್ತೆರಡು ಅನ್ನು!"

ತೊಕ್ತೊಸುನ್ ಮೀಸೆಯೊಳಗೇ ನಕ್ಕ. "ಓಹೋ, ಅಕ್ಕ ತಂಗೀನಾ? ಸರಿ, ಮೂವತ್ತೆರಡಕ್ಕೇ ತೂಗ್ತೀನಿ."

ಸುತ್ತ ಜನ ನೋಡುತ್ತಿದ್ದರು. ಹಿಂದೆ ಸರಿಯುವಂತಿರಲಿಲ್ಲ. ಇಪ್ಪತ್ತು ಕಿಲೋ ಸಾಕಿದ್ದ ಮನೆಗೆ ಇಡೀ ರಾಶಿ, ಅರವತ್ತು ಕಿಲೋ, ಅದೂ ಅವನು ಮೊದಲು ಹೇಳಿದ್ದಕ್ಕಿಂತ ಎರಡು ಸೋಮ್ ಹೆಚ್ಚಿಗೆ!

ತಳ್ಳುಗಾಡಿ ಕರೆಯಲು ಅಂಗಡಿಯ ಹಿಂದಕ್ಕೆ ಹೋದ ಬುರುಲ್ ಅಲ್ಲೇ ನಿಂತುಬಿಟ್ಟಳು. ಆ ಮುದುಕಿ ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೂತು ರೊಟ್ಟಿ ಮುರಿದು ಚಹಾದಲ್ಲಿ ಅದ್ದುತ್ತಿದ್ದಳು. "ಅತ್ತೆ, ಇನ್ನೊಂದು ಬಟ್ಟಲು ಹಾಕ್ಲಾ?" ಎಂದು ತೊಕ್ತೊಸುನ್ ಕೇಳುತ್ತಿದ್ದ.

"ಅಜ್ಜೀ! ನಿಮಗೆ ಟೊಮೆಟೊ ಬೇಕಿತ್ತಲ್ಲ?"

"ನನಗ್ಯಾಕಮ್ಮ? ತಿಂದ್ರೆ ಎದೆ ಉರಿ."

ಹಿಂದೆಯೇ ಬಂದಿದ್ದ ಕಾಕೆನ್ ಕಿಸಕ್ಕನೆ ನಕ್ಕಳು. ಜಗಳಕ್ಕೆಂದು ಸೊಂಟದ ಮೇಲೆ ಕೈಯಿಟ್ಟಿದ್ದ ಬುರುಲಳಿಗೂ ನಗು ತಡೆಯಲಾಗಲಿಲ್ಲ. ಅಳಿಯ ಗಾಡಿ ತುಂಬಿಸಲು ಹೋದದ್ದೇ ತಡ, ಮುದುಕಿ ದನಿ ತಗ್ಗಿಸಿದಳು. ಅವಳ ಹೆಸರು ಉಪೋಲ್.

"ಮೂರು ವಾರದಿಂದ ನೋಡ್ತಿದ್ದೀನಿ. ಚೆನ್ನಾಗೇ ಆಡ್ತೀರಿ. ಆದ್ರೆ ಈ ಹುಡುಗಿ ಹೊರಟ ಮೇಲೆ ತಿರುಗಿ ನಿನ್ನ ಮುಖ ನೋಡ್ತಾಳೆ. ಅಲ್ಲೇ ಸಿಕ್ಕಿಬೀಳ್ತೀರಿ."

"ಅಳಿಯ ಇದಕ್ಕೆ ಏನ್ ಕೊಡ್ತಾನೆ?" ಬುರುಲ್ ಕೇಳಿದಳು.

"ಒಡೆದ ಟೊಮೆಟೊ!" ಉಪೋಲ್ ಮುಖ ಸಿಂಡರಿಸಿದಳು. "ಮಾಂಸದ ಸಾಲಲ್ಲಿ ನನ್ನ ಗುರುತು ಯಾರಿಗೂ ಇಲ್ಲ, ನೋಡು."

ಮುಂದಿನ ಭಾನುವಾರ ಮೂವರೂ ಮಾಂಸದ ಸಾಲಿಗೆ ಬೇರೆಬೇರೆಯಾಗಿ ಹೋದರು. ಕಾಕೆನ್ ಬೆಲೆ ಕೇಳಿ, ಕೈ ಝಾಡಿಸಿ, ತಿರುಗಿಯೂ ನೋಡದೆ ನಡೆದಳು. ಆಮೇಲೆ ಉಪೋಲ್ ಬಂದು ನೇತುಹಾಕಿದ್ದ ಕುರಿತೊಡೆಯನ್ನು ಸವರಿ, ಸಾಲಿಗೆಲ್ಲ ಕೇಳುವಂತೆ ಮರುಗಿದಳು. "ಅಯ್ಯೋ ಪಾಪ, ಎಷ್ಟು ವಯಸ್ಸಾಗಿತ್ತೋ! ನನ್ನ ವಾರಿಗೆಯದೇ ಇರಬೇಕು." ನಿಂತಿದ್ದ ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡರು. ಬುರುಲ್ ಬರುವಷ್ಟರಲ್ಲಿ ಕಟುಕ ಬೆವರುತ್ತಿದ್ದ. ಅವಳು ಬಾಯಿಗೆ ಬಂದ ಬೆಲೆ ಹೇಳಿದಳು. ಅವನು ತೊಡೆಯ ಜೊತೆಗೆ, ಪಲಾವಿಗೆ ರುಚಿ ಕೊಡುವ ಬಾಲದ ಕೊಬ್ಬಿನ ದೊಡ್ಡ ತುಂಡನ್ನೂ ಸುತ್ತಿಕೊಟ್ಟ.

ಬುರುಲಳ ಮನೆಯಲ್ಲಿ ಪೊಟ್ಟಣ ಬಿಚ್ಚುತ್ತಲೇ ಉಪೋಲ್ ಕೊಬ್ಬನ್ನು ತನ್ನ ಚೀಲಕ್ಕಿಳಿಸಿದಳು. "ಇದು ನನ್ನ ಕೂಲಿ." ಬುರುಲ್ ಬಾಯಿ ತೆರೆದಳು. ಈ ಮುದುಕಿ ಮತ್ತೆ ಎದುರಾಳಿಯಾದರೆ ಗತಿಯೇನೆಂದು ಯೋಚಿಸಿ ಮುಚ್ಚಿಕೊಂಡಳು.

ಉಪೋಲ್ ಊಟಕ್ಕೂ ಉಳಿದಳು. ಎರಡು ತಟ್ಟೆ ಪಲಾವ್ ಖಾಲಿ ಮಾಡಿ, ಬೆರಳು ನೆಕ್ಕುತ್ತಾ ಕೇಳಿದಳು. "ಅಕ್ಕಿ ಸಾಲಿಗೆ ಯಾವತ್ತು ಹೋಗೋದು?"