ಪಂಪ್ ಆಪರೇಟರ್ ಹೇಳಿದರು

ತಪ್ಪಿದ್ದರೆ ಕ್ಷಮಿಸಬೇಕು. ಪತ್ರಿಕಾ ಕಚೇರಿಯ ಒಳಹೊರಗು ಪೂರ್ತಿ ತಿಳಿಯದೆ ಇದನ್ನು ಹೇಳಲು ಹೊರಟಿದ್ದೇನೆ.

ಸಂಜೆ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ವರದಿಗಾರಿಕೆ ಕಲಿಯಲು ಪತ್ರಿಕೆಯೊಂದಕ್ಕೆ ಸೇರಿದ್ದಳು. ಅಲ್ಲಿಯ ಮುಖ್ಯ ಉಪಸಂಪಾದಕರನ್ನು ಎಲ್ಲರೂ ಬೆನ್ನ ಹಿಂದೆ ಕರೆಯುತ್ತಿದ್ದದ್ದು ‘ಪೂರ್ಣವಿರಾಮ’ ಎಂದು. ಅವರು ಗೀಟೆಳೆದ ಮೇಲೆ ಮಾತಿಲ್ಲ. ವಾಕ್ಯ ಚಿಕ್ಕದಿರಬೇಕು, ಉದ್ಧರಣ ಚಿಹ್ನೆಯೊಳಗೆ ಆಡಿದ ಮಾತೇ ಇರಬೇಕು, ಒಂದಕ್ಷರ ತಿದ್ದಕೂಡದು. ಎಲ್ಲಿ ಮರೆತುಬಿಡುತ್ತೇನೋ ಎಂದು ಅವಳು ಬಸ್ಸಿನಲ್ಲಿ ನಿಂತು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದಳು.

ಅವಳ ಸೋದರಮಾವ ಹೊಸ ನೀರಿನ ಟ್ಯಾಂಕಿನ ಪಂಪ್ ಆಪರೇಟರ್. ಆ ಟ್ಯಾಂಕಿನ ಕಂಬ ಬಿರುಕು ಬಿಟ್ಟಿದೆ, ಗುತ್ತಿಗೆದಾರ ಮುಚ್ಚಿಹಾಕುತ್ತಿದ್ದಾನೆ ಎಂದು ಹೇಳಿದವರು ಅವರೇ.

“ಕೆಳಗೆ ಮಕ್ಕಳು ಆಡ್ತವೆ, ಅದಕ್ಕೆ ಹೇಳ್ದೆ. ನನ್ನ ಹೆಸರು ಮಾತ್ರ ಬರಬಾರ್ದು ಪುಟ್ಟಿ. ಆ ಜನ ಒಳ್ಳೆಯವರಲ್ಲ.”

“ಬರಲ್ಲ ಮಾವ.”

ಅವಳು ‘ಬಿರುಕು ಬಿಟ್ಟಿದೆ ಎನ್ನಲಾಗಿದೆ’ ಎಂದು ಬರೆದಳು. ಪೂರ್ಣವಿರಾಮ ಕನ್ನಡಕ ಹಣೆಗೇರಿಸಿದರು.

“ಎನ್ನಲಾಗಿದೆಯಂತೆ! ಯಾರಮ್ಮ ಅಂದಿದ್ದು, ಗೋಡೆನಾ?”

“ಒಬ್ರು ಹೇಳಿದ್ರು ಸಾರ್. ಹೆಸರು ಬೇಡ ಅಂದ್ರು.”

“ಹೆಸರು ಬೇಡ, ಅವರ ಕೆಲಸ ಹಾಕು. ಹೇಳಿದವರಿಲ್ಲ ಅಂದ್ರೆ ಅದು ಸುದ್ದಿಯಲ್ಲ, ಕಟ್ಟೆ ಹರಟೆ.”

ಹೆಸರಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು, ಮಾವ ಆಡಿದ್ದ ಮಾತನ್ನೇ ಹಾಕಿ ತಿದ್ದಿದಳು: ‘ಹುಣ್ಣಿಗೆ ಸುಣ್ಣ ಬಳಿದ ಹಾಗೆ ಬಳಿದಿದ್ದಾರೆ,’ ಎಂದು ಟ್ಯಾಂಕಿನ ಪಂಪ್ ಆಪರೇಟರ್ ಹೇಳಿದರು. ಅಲ್ಪವಿರಾಮ ಕೂಡ ಜಾಗದಲ್ಲೇ ಇತ್ತು. ಪೂರ್ಣವಿರಾಮ ಮೊದಲ ಸಲ ಗೀಟೆಳೆಯದೆ ಹಾಳೆಯನ್ನು ಮುಂದಕ್ಕೆ ತಳ್ಳಿದರು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಟ್ಯಾಂಕಿಗಿದ್ದ ಆಪರೇಟರ್ ಒಬ್ಬರೇ. ಇದು ಅವಳಿಗೆ ಹೊಳೆದದ್ದು ಬೆಳಗ್ಗೆ, ಅಚ್ಚಾದ ಪುಟ ಕೈಗೆ ಬಂದಾಗ. ಮಾವನ ಮನೆಗೆ ಓಡಿದಳು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಯಾರೋ ಇಬ್ರು ಜೀಪಲ್ಲಿ ಬಂದಿದ್ರು ಕಣೆ. ಬಿರುಕು ಎಲ್ಲಿದೆ, ಬಂದು ತೋರಿಸಿ ಅಂತ ನಿಮ್ಮಾವನ್ನ ಕರ್ಕೊಂಡು ಹೋದ್ರು. ನಗ್‌ನಗ್ತಾನೇ ಮಾತಾಡ್ಸಿದ್ರು. ಅದಕ್ಕೇ ಭಯ.”

ಟ್ಯಾಂಕಿನ ಬಳಿ ಯಾರೂ ಇರಲಿಲ್ಲ. ಪಂಪ್‌ಮನೆಗೆ ಹೊಸ ಬೀಗ ಬಿದ್ದಿತ್ತು. ಒಳಗೆ ಮೋಟಾರು ಮಾತ್ರ ಓಡುತ್ತಿತ್ತು. ಕಂಬಕ್ಕೆ ಬಳಿದ ಸಿಮೆಂಟು ಇನ್ನೂ ಒದ್ದೆ. ಮಾವನ ಫೋನು ರಿಂಗಾಗಿ ರಿಂಗಾಗಿ ನಿಂತಿತು.

ಅವರು ಎಲ್ಲಿದ್ದಾರೆಂದು ಇದನ್ನು ಬರೆಯುವ ಹೊತ್ತಿಗೂ ತಿಳಿದಿಲ್ಲ. ಆ ಒಂದು ಸಾಲು ಇಲ್ಲದಿದ್ದರೆ ಜೀಪು ಬರುತ್ತಿರಲಿಲ್ಲವೇ? ಅದೂ ಗೊತ್ತಿಲ್ಲ.