ಐವತ್ತು ಮಂದಿಗೆ ಉಚಿತ

ಮೊದಲೇ ಹೇಳಿಬಿಡ್ತೀನಿ, ತಪ್ಪು ನನ್ನದು. ಆದರೆ ನನ್ನೊಬ್ಬಳದ್ದೇ ಅಂತ ಯಾರಾದರೂ ಅಂದರೆ ಜಗಳಕ್ಕೇ ನಿಲ್ತೀನಿ.

ನಮ್ಮದು ಮೀನು, ಬಟಾಣಿ ಎಲ್ಲ ಹೆಪ್ಪುಗಟ್ಟಿಸಿಡುವ ಕೋಲ್ಡ್ ಸ್ಟೋರೇಜ್. ನಾನು ಆಫೀಸಿನವಳು, ನನ್ನ ಗಂಡ ಒಳಗೆ ಫ್ರೀಜರ್ ಕೋಣೆಯಲ್ಲಿ ಪೆಟ್ಟಿಗೆ ಜೋಡಿಸುವವನು. ಒಟ್ಟು ಐವತ್ತೊಂದು ಮಂದಿ. ಯಾರು ಯಾವಾಗ ಸೇರಿದರು, ಯಾರಿಗೆಷ್ಟು ರಜೆ ಬಾಕಿ, ಯಾರ ರಕ್ತ ಯಾವ ಗುಂಪು, ಎಲ್ಲ ನನ್ನ ನಾಲ್ಕು ದಪ್ಪ ರಿಜಿಸ್ಟರುಗಳಲ್ಲಿತ್ತು. ಗೆದ್ದಲು ಎರಡನ್ನು ತಿಂದು ಮುಗಿಸಿದ ಮೇಲೆ ಮಾಲೀಕರಿಗೆ ಜ್ಞಾನೋದಯವಾಯಿತು.

"ಎಲ್ಲಾ ಕಂಪ್ಯೂಟರಿಗೆ ಹಾಕಿಬಿಡಮ್ಮ. ಒಳ್ಳೇ ಸಾಫ್ಟ್‌ವೇರ್ ಹುಡುಕು. ಆದರೆ ಕೈ ಕಚ್ಚಬಾರದು."

ವಾರವಿಡೀ ಹುಡುಕಿದೆ. ಮೊದಲನೆಯದು ದೊಡ್ಡ ಕಂಪನಿಗಳಿಗೆ ಮಾಡಿದ್ದು, ಅದರ ಬೆಲೆ ಕೇಳಿದರೇ ತಲೆ ಸುತ್ತಬೇಕು. ಇನ್ನೊಂದು ಪೂರ್ತಿ ಪುಕ್ಕಟೆ, ಆದರೆ ನಾವೇ ಕೂರಿಸಿಕೊಂಡು ನಾವೇ ನೋಡಿಕೊಳ್ಳಬೇಕು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೇ ನನ್ನ ಜೀವ ಬಾಯಿಗೆ ಬರುತ್ತೆ, ಇದೆಲ್ಲಿಯ ಉಸಾಬರಿ! ಮೂರನೆಯದು ಮಾತ್ರ ಅಚ್ಚುಕಟ್ಟಾಗಿತ್ತು. ಹೆಸರು ಒತ್ತಿದರೆ ಆಳಿನ ಜಾತಕವೇ ಮುಂದೆ ಬರುತ್ತೆ. ಐವತ್ತು ಮಂದಿವರೆಗೆ ಉಚಿತ. ಐವತ್ತೊಂದನೆಯವರನ್ನು ಸೇರಿಸಿದರೆ ಮಾತ್ರ ಎಲ್ಲರಿಗೂ ಸೇರಿಸಿ ತಿಂಗಳು ತಿಂಗಳು ದುಡ್ಡು ಕಟ್ಟಬೇಕು.

"ಒಬ್ಬರಿಗೋಸ್ಕರನಾ?" ಮಾಲೀಕರು ಕನ್ನಡಕ ಹಣೆಗೇರಿಸಿದರು. "ಹೇಗಾದರೂ ಹೊಂದಿಸು. ನೀನು ಜಾಣೆ."

ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಹೊರಗಿನವರ ಹೆಸರು ಬಿಟ್ಟರೆ ರಂಪ ಮಾಡ್ತಾರೆ, ಮನೆಯವನಾದರೆ ಸುಮ್ಮನಿರ್ತಾನೆ ಅಂತ ನನ್ನ ಗಂಡನನ್ನೇ ಬಿಟ್ಟೆ. ಅವನ ಸಂಬಳ, ರಜೆ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

"ನನ್ನನ್ನೇ ಕಿತ್ತುಹಾಕಿದೆಯಾ ಮಹಾತಾಯಿ?" ಅಂತ ನಕ್ಕ. "ಸರಿ ಬಿಡು, ನಿನಗಿಂತ ದೊಡ್ಡ ಕಂಪ್ಯೂಟರ್ ನನಗ್ಯಾಕೆ?"

ನಗು ಬತ್ತಿಹೋಗಿದ್ದು ಮೊದಲ ಸಂಜೆಯೇ. ನಮ್ಮಲ್ಲಿ ಆರು ಗಂಟೆಗೆ ಗೇಟ್ ಕಾಯುವವನು ಹೆಸರಿನ ಪಟ್ಟಿ ಹಿಡಿದು ನಿಂತು, ಹೊರಗೆ ಬಂದವರಿಗೆಲ್ಲ ಗುರುತು ಹಾಕ್ತಾನೆ. ಎಲ್ಲ ಹೆಸರಿಗೂ ಗುರುತು ಬಿದ್ದ ಮೇಲೆ ಫ್ರೀಜರಿಗೆ ಹೊರಗಿನಿಂದ ಬೀಗ. ಒಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಅಪಾಯದ ಬೆಲ್ಲು ಕೆಟ್ಟು ನಾಲ್ಕು ತಿಂಗಳಾಗಿತ್ತು. ಆ ಪಟ್ಟಿ ಈಗ ಸಾಫ್ಟ್‌ವೇರಿನಿಂದಲೇ ಬರೋದು. ಅದರಲ್ಲಿ ನನ್ನ ಗಂಡನ ಹೆಸರಿಲ್ಲ.

ಮಾಲೀಕರ ಹತ್ತಿರ ಹೋಗಿ ಹೇಳೋಣ ಅಂದರೆ ಜಾಣೆ ಅನ್ನಿಸಿಕೊಂಡಿದ್ದೆನಲ್ಲ, ಬಾಯಿ ಬರಲಿಲ್ಲ. "ಇವರದ್ದು ನಾನು ನೋಡ್ಕೋತೀನಿ ಅಣ್ಣ," ಅಂತ ಗೇಟಿನವನಿಗೆ ಹೇಳಿದೆ. ಅವತ್ತಿನಿಂದ ದಿನಾ ಆರಕ್ಕೆ ಗೇಟಿನಲ್ಲಿ ನಿಂತು, ಗಂಡನ ಮುಖ ಕಂಡ ಮೇಲೇ ಉಸಿರು ಬಿಡ್ತಿದ್ದೆ. "ಏನಕ್ಕಾ, ಹೊಸದಾಗಿ ಮದುವೆಯಾದವರ ಹಾಗೆ!" ಅಂತ ಗೇಟಿನವನು ರೇಗಿಸ್ತಿದ್ದ. ನಗ್ತಿದ್ದೆ, ಆದರೆ ಕಣ್ಣು ಮಾತ್ರ ಫ್ರೀಜರ್ ಬಾಗಿಲ ಮೇಲೇ.

ಎರಡು ತಿಂಗಳು ಹೀಗೇ ನಡೆಯಿತು. ಒಂದು ದಿನ ನಾಲ್ಕೂವರೆಗೆ ಅತ್ತೆ ಫೋನ್ ಮಾಡಿದರು. ಮಗಳಿಗೆ ಜ್ವರ ನೆತ್ತಿಗೇರಿ ಕಣ್ಣು ಮೇಲಾಗಿದೆ. ನಾನು ಚೀಲ ಕೂಡ ತೆಗೆದುಕೊಳ್ಳದೆ, ಗೇಟಿನವನಿಗೂ ಏನೂ ಹೇಳದೆ ಓಡಿದೆ. ಡಾಕ್ಟರ ಹತ್ತಿರ ಮಗು ಬೆವೆತು, ಕಣ್ಣು ಬಿಟ್ಟು, ನೀರು ಕೇಳಿತು. ಅಬ್ಬಾ ಅಂತ ಗೋಡೆಗೆ ಒರಗಿದರೆ ಎದುರಿಗೇ ಗಡಿಯಾರ, ಏಳು ಗಂಟೆ ಹತ್ತು ನಿಮಿಷ.

ಆರಕ್ಕೆ ಗೇಟಿನಲ್ಲಿ ನಾನಿರಲಿಲ್ಲ. ಗಂಡನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಆಮೇಲೆ ಗೇಟಿನವನಿಗೆ ಮಾಡಿದೆ.

"ಎಲ್ಲರೂ ಹೊರಟರಕ್ಕಾ, ಐವತ್ತಕ್ಕೆ ಐವತ್ತು. ನೀವು ಓಡಿದ್ದು ನೋಡಿ, ಭಾವಾನೂ ನಿಮ್ಮ ಹಿಂದೇನೇ ಬಂದಿರ್ತಾರೆ ಅಂದ್ಕೊಂಡೆ. ಇಲ್ಲಿ ಗೂಡಿನಲ್ಲಿ ಯಾರದ್ದೋ ಫೋನ್ ಒಂದೇ ಸಮ ಬಡ್ಕೋತಿತ್ತು, ಈಗ ತಾನೆ ನಿಂತಿತು."

ಒಳಗೆ ಹೋಗುವವರು ಫೋನನ್ನು ಗೇಟಿನ ಗೂಡಿನಲ್ಲಿ ಇಟ್ಟು ಹೋಗೋದು.

"ಬಾಗಿಲು ತೆಗಿ!" ಅಂತ ಕಿರುಚಿದೆ. "ಅವರು ಒಳಗಿದ್ದಾರೆ! ಫೋನ್ ಇಡಬೇಡ, ಓಡು!"

ಅವನ ಚಪ್ಪಲಿಯ ಸದ್ದು ಕೇಳಿಸಿತು. ಏದುಸಿರು. ಬೀಗದ ಕೈ ಗೊಂಚಲು ಕೆಳಗೆ ಬಿತ್ತು. "ಅಯ್ಯೋ ದೇವರೇ, ದೇವರೇ," ಅಂತಿದ್ದ. ಕಬ್ಬಿಣದ ಬಾಗಿಲು ಕಿರ್ರೆಂದಿತು. ಆಮೇಲೆ ಏನೂ ಇಲ್ಲ. "ಅಣ್ಣಾ, ಮಾತಾಡೋ," ಅಂತ ಬೇಡಿಕೊಂಡೆ. ಅತ್ತೆ ನನ್ನ ಮುಖ ನೋಡಿ ಮಗುವನ್ನು ಎದೆಗೆ ಅವುಚಿಕೊಂಡರು. ನಾನು ಬದುಕಿನಲ್ಲಿ ಅಷ್ಟು ಹೆದರಿದ್ದಿಲ್ಲ.

"ಉಸಿರಿದೆ ಅಕ್ಕಾ," ಅಂದ ಗೇಟಿನವನು. ಅಳ್ತಿದ್ದ.

ಉಸಿರು ಉಳಿಯಿತು. ಹಿಮ ಕಚ್ಚಿದ್ದ ಬಾಗಿಲ ಹಿಡಿಯನ್ನು ಬರಿಗೈಯಲ್ಲಿ ಜಗ್ಗಿ ಜಗ್ಗಿ ಬಲಗೈಯ ಎರಡು ಬೆರಳು ಕಪ್ಪಾಗಿದ್ದವು, ಅವು ಉಳಿಯೋದು ಅನುಮಾನ ಅಂದರು ಡಾಕ್ಟರು. ಬೆಳಗ್ಗೆ ಮಾತು ಬಂದಾಗ ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಿಂದಿನ ಸಾಲಿನ ಪೆಟ್ಟಿಗೆ ಮುಗಿಸಿ ಬರೋಷ್ಟರಲ್ಲಿ ಬೀಗ ಬಿದ್ದಿತ್ತು. ಮೊದಮೊದಲು ನಾನು ಬಾಗಿಲೇ ಬಡೀಲಿಲ್ಲ ಕಣೇ," ಅಂದ. "ನೀನು ಗೇಟಲ್ಲಿ ಇದ್ದೀಯಲ್ಲ, ಈಗ ತೆಗೆಸ್ತೀಯ ಅಂತ ಕೂತಿದ್ದೆ."

ಅಷ್ಟರಲ್ಲಿ ಮಾಲೀಕರು ಹಣ್ಣಿನ ಚೀಲ ಹಿಡಿದುಕೊಂಡು ಬಂದರು. ಬೆಲ್ಲು ಇವತ್ತೇ ರಿಪೇರಿ ಮಾಡಿಸ್ತೀನಿ ಅಂದರು. ಪಾಪ ಅಂದರು. ಇನ್ನು ಈ ಕೈಯಲ್ಲಿ ಪೆಟ್ಟಿಗೆ ಎತ್ತೋದು ಕಷ್ಟ, ಮನೆಯಲ್ಲೇ ಇರಲಿ ಅಂದರು. ಆಮೇಲೆ ನನ್ನ ಕಡೆ ಬಾಗಿ, ದನಿ ತಗ್ಗಿಸಿ, "ಹಾಗೆ ನೋಡಿದರೆ ನಾವೀಗ ಸರಿಯಾಗಿ ಐವತ್ತೇ ಆದೆವು. ಆ ಸಾಫ್ಟ್‌ವೇರೇ ಇರಲಿ, ಅಲ್ವೇನಮ್ಮಾ?" ಅಂದರು.

ನಾನು ಹೂಂ ಅಂದೆ. ಹದಿನಾಲ್ಕು ವರ್ಷದ ಅಭ್ಯಾಸ, ಬಾಯಿಂದ ತಾನಾಗಿ ಬಂದುಬಿಟ್ಟಿತು.

ಗಂಡ ಕೇಳಿಸಿಕೊಂಡ. ಬ್ಯಾಂಡೇಜು ಸುತ್ತಿದ್ದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ. ನಾನು ಎರಡು ಸಲ ಕರೆದೆ. ಅವನು ಈ ಕಡೆ ತಿರುಗಲಿಲ್ಲ.